ಶ್ವಾನರಥ ಸಾರಥಿ

ಪೇಟ ಗ್ಲಾಡ್ವಿನ್‌ನ ತಲೆಗೆ ಚಿಕ್ಕದಾಗಿತ್ತು. ಹಾಗೆಂದು ಹೇಳುವಂತಿರಲಿಲ್ಲ. ಅದನ್ನು ಮೈಸೂರಿನಿಂದ ಯಾರದೋ ಸೂಟ್‌ಕೇಸಿನಲ್ಲಿ ಬಟ್ಟೆಗಳ ನಡುವೆ ಜೋಪಾನವಾಗಿ ತರಿಸಿದ್ದಂತೆ. ಹೋದ ವರ್ಷದ ರಾಜ್ಯೋತ್ಸವಕ್ಕೆ ಒಬ್ಬ ಹೃದ್ರೋಗ ತಜ್ಞರ ತಲೆಯ ಮೇಲೆ, ಅದರ ಹಿಂದಿನ ವರ್ಷ ಒಬ್ಬ ಕೌನ್ಸಿಲರ್ ತಲೆಯ ಮೇಲೆ ಕೂತು, ಮತ್ತೆ ತನ್ನ ಡಬ್ಬದೊಳಗೆ ಹೋಗಿ ಮಲಗಿದ್ದಂತೆ. ಅಂಥ ಪೇಟವನ್ನು ತನ್ನ ತಲೆ ದೊಡ್ಡದೆಂಬ ಕಾರಣಕ್ಕೆ ಕೆಳಗೆ ಬೀಳಿಸುವುದು ಸರಿಯಲ್ಲವೆಂದು ಅವನು ತುಂಬಿದ ಕೊಡ ಹೊತ್ತವರ ಹಾಗೆ ಕತ್ತು ನೆಟ್ಟಗೆ ಮಾಡಿ ಕೂತಿದ್ದ. ಮದುವೆಗೆ ಬಾಡಿಗೆ ಕೊಡುವ ಕೆಂಪು ವೆಲ್ವೆಟ್ ಕುರ್ಚಿ. ಹೆಗಲ ಮೇಲೆ ಶಾಲು, ಕೊರಳಲ್ಲಿ ಗಂಧದ ಹಾರ, ತೊಡೆಯ ಮೇಲೆ ಹಣ್ಣಿನ ಬುಟ್ಟಿ. ಬುಟ್ಟಿಗೆ ಸುತ್ತಿದ್ದ ಪ್ಲಾಸ್ಟಿಕ್ಕು ಅವನು ಉಸಿರಾಡಿದಾಗಲೆಲ್ಲ ಚರಪರ ಎನ್ನುತ್ತಿತ್ತು. ಆದ್ದರಿಂದ ಉಸಿರನ್ನೂ ಅವನು ಮೆಲ್ಲಗೆ ಆಡುತ್ತಿದ್ದ. ಪಕ್ಕದಲ್ಲಿ ಮೈಕಿನ ಮುಂದೆ ಕನ್ನಡ ಸಂಘದ ಅಧ್ಯಕ್ಷ ತ್ರಿವಿಕ್ರಮ ಸನ್ಮಾನ ಪತ್ರವನ್ನು ಓದುತ್ತಿದ್ದರು. “ಹಿಮಾಚ್ಛಾದಿತ ಗಿರಿಶಿಖರಗಳಲ್ಲಿ ಗಾಳಿಗೇ ಸವಾಲೊಡ್ಡಿ, ಮೂಕಪ್ರಾಣಿಗಳ ಅಂತರಂಗವನ್ನರಿತು, ಶ್ವಾನರಥವನ್ನು ಮುನ್ನಡೆಸಿದ ಕರಾವಳಿಯ ಕಲಿ...” ಯಾರಪ್ಪ ಇದು ಎಂದು ಗ್ಲಾಡ್ವಿನ್‌ಗೆ ಒಂದು ಕ್ಷಣ ಕುತೂಹಲವೇ ಆಯಿತು. ಸಿಡ್ನಿಯ ಪೆಂಡಲ್ ಹಿಲ್ ಸ್ಟೇಷನ್ನಿನ ಹತ್ತಿರದ ಆ ಹಾಲಿನಲ್ಲಿ ನವೆಂಬರಿನ ಸೆಖೆ. ಮೂಲೆಯ ಫ್ಯಾನು ಅಧ್ಯಕ್ಷರ ಕಡೆಗೆ ಮಾತ್ರ ತಿರುಗಿತ್ತು.

ಅವನು ಹಿಮ ಕಂಡದ್ದಕ್ಕಿಂತ ಕೆಸರು ಕಂಡದ್ದೇ ಹೆಚ್ಚು. ಈ ದೇಶದಲ್ಲಿ ನಾಯಿಬಂಡಿಯ ಓಟವೆಂದರೆ ಬಹುಮಟ್ಟಿಗೆ ಚಳಿಗಾಲದ ಬೆಳಗ್ಗೆ ಪೈನ್ ತೋಪಿನ ಮಣ್ಣುದಾರಿಯಲ್ಲಿ, ದಪ್ಪ ಚಕ್ರದ ತಳ್ಳುವ ಸ್ಕೂಟರಿಗೆ ನಾಯಿಗಳನ್ನು ಕಟ್ಟಿಕೊಂಡು, ಅವು ಎಳೆದತ್ತ ಹೋಗುವುದು. ಮುಖಕ್ಕೆ ಎರಚುವ ಮಣ್ಣಿನಲ್ಲಿ ಎಷ್ಟು ಪಾಲು ಮಣ್ಣು ಎಂದು ಯಾರೂ ಕೇಳುವುದಿಲ್ಲ. ಮೆಲ್ಬರ್ನಿನ ಹೊರವಲಯದ ಟ್ರುಗನಿನಾದ ಶೀತಲ ಗೋದಾಮಿನಲ್ಲಿ ಫೋರ್ಕ್‌ಲಿಫ್ಟ್ ಓಡಿಸಿ, ಹೆಪ್ಪುಗಟ್ಟಿದ ಬಟಾಣಿಯ ನಡುವೆ ಹಗಲು ಕಳೆದು, ಶನಿವಾರವಾದರೆ ಇವನು ಮತ್ತೆ ಚಳಿ ಹುಡುಕಿಕೊಂಡು ಹೋಗುವುದನ್ನು ಕಂಡು ಹೆಂಡತಿ ಆನ್ಸಿಲ್ಲಾ, “ಮದುವೆ ಮಾಡಿಕೊಂಡದ್ದು ಮನುಷ್ಯನನ್ನೋ ಮೀನನ್ನೋ” ಎಂದು ಕೊಂಕಣಿಯಲ್ಲಿ ಗೊಣಗಿದ್ದಳು. ಎಲ್ಲ ಶುರುವಾದದ್ದು ಅನಾಥ ನಾಯಿಗಳ ಶೆಲ್ಟರಿನಿಂದ ತಂದ ಒಂದು ಹಸ್ಕಿ ನಾಯಿಯಿಂದ. ಅದರ ಹೆಸರು ಪಿಂಟೊ. ಮೈಮೇಲಿನ ಕಪ್ಪು ಬಿಳಿ ಮಚ್ಚೆಗಾಗಿ ಶೆಲ್ಟರಿನವರೇ ಇಟ್ಟ ಹೆಸರು. ಆನ್ಸಿಲ್ಲಾಳ ತವರಿನವರೂ ಪಿಂಟೊಗಳೇ. ಬೇರೆ ಹೆಸರಿನಿಂದ ಕರೆದು ನೋಡಿದ, ನಾಯಿ ಓಗೊಡಲಿಲ್ಲ. ಕಿನ್ನಿಗೋಳಿಯಿಂದ ಮಾವ ಅಗಸ್ಟಿನ್ ಪಿಂಟೊ ವಿಡಿಯೋ ಕಾಲ್ ಮಾಡಿದ್ದಾಗಲೇ ಮಗಳು ಜೊವಾನ್ ಹಿತ್ತಿಲಿನಿಂದ, “ಪಿಂಟೊ, ಯೂ ಡರ್ಟಿ ಗರ್ಲ್, ಗೆಟ್ ಔಟ್!” ಎಂದು ಕೂಗಿದಳು. ಈಸ್ಟರ್ ಬಂದು ಹೋದರೂ ಮಾವ ಅಳಿಯನ ಜೊತೆ ಮಾತಾಡಲಿಲ್ಲ. ಮೊದಲ ಸಲ ಸ್ಕೂಟರಿನ ಹಗ್ಗ ಕಟ್ಟಿದ ದಿನ, ಪಿಂಟೊ ಎಂಬ ಆ ಹೆಣ್ಣು ನಾಯಿ ಹಿಂತಿರುಗಿ ಒಮ್ಮೆ ಇವನನ್ನು ನೋಡಿ, ಇಷ್ಟು ದಿನ ಎಲ್ಲಿದ್ದೆ ಮಾರಾಯ ಎಂಬಂತೆ ನೋಡಿ, ಮುಂದಕ್ಕೆ ಬಾಗಿ ಎಳೆದದ್ದು ಅವನ ಅಂಗೈಗೆ ಇನ್ನೂ ನೆನಪಿದೆ. 

ಈಗ ಪಿಂಟೊ ಮುಂದಿನ ಸಾಲಿನ ಎದುರು, ನೆಲದ ಮೇಲೆ, ಕಿವಿ ನಿಗುರಿಸಿ ಕೂತಿದ್ದಳು. ಅವಳಿಗೂ ಕುಂಕುಮವಿಟ್ಟಿದ್ದರು. ಅವಳ ಬೆಲ್ಟನ್ನು ಹಿಡಿದುಕೊಂಡವರು ಅಧ್ಯಕ್ಷರ ತಾಯಿ ಪುಟ್ಟಮ್ಮ. ಕಾರ್ಯಕ್ರಮ ತಡವಾಗಿತ್ತು, ಹಾಲನ್ನು ಒಂದು ಗಂಟೆಗೆ ಬಿಟ್ಟುಕೊಡಬೇಕಿತ್ತು, ಆದ್ದರಿಂದ ಕಾಫಿ ತಿಂಡಿಯನ್ನು ಕೂತಲ್ಲಿಗೇ ಹಂಚುತ್ತಿದ್ದರು. ಪುಟ್ಟಮ್ಮನ ಕೈಗೆ ಕೇಸರಿಬಾತಿನ ಕಾಗದದ ಬಟ್ಟಲು ಬಂತು. ಅವರು ಒಂದು ಚಮಚ ಬಾಯಿಗಿಟ್ಟರು. ಆಮೇಲೆ ಚಮಚವನ್ನು ಪಕ್ಕಕ್ಕಿಟ್ಟು, ಎರಡು ಬೆರಳಿನಿಂದ ಬಟ್ಟಲಿನೊಳಗೆ ಹುಡುಕಿ, ತುಪ್ಪದಲ್ಲಿ ಉಬ್ಬಿದ ಒಂದು ಒಣದ್ರಾಕ್ಷಿಯನ್ನು ಆರಿಸಿ ತೆಗೆದು ಪಿಂಟೊಳ ಬಾಯಿಗೆ ಹಿಡಿದರು.

ದ್ರಾಕ್ಷಿ ನಾಯಿಗೆ ವಿಷ. ಹಸಿಯದೂ ಹೌದು, ಒಣಗಿದ್ದು ಇನ್ನೂ ಹೆಚ್ಚು. ಕಿಡ್ನಿ ಹೋಗುತ್ತದೆ. ಎಲ್ಲ ನಾಯಿಗೂ ಹಾಗಾಗುವುದಿಲ್ಲ. ಯಾವ ನಾಯಿಗೆ ಎಷ್ಟು ತಿಂದರೆ ಆಗುತ್ತದೆಂದು ಯಾರಿಗೂ ಗೊತ್ತಿಲ್ಲ, ಅದೇ ತೊಂದರೆ. ನಾಯಿಬಂಡಿಯ ಕ್ಲಬ್ಬಿಗೆ ಹೊಸಬರು ಬಂದಾಗ ಇದನ್ನು ಹೇಳಿಕೊಡುವವನು ಗ್ಲಾಡ್ವಿನ್‌ನೇ. “...ಮೂಕಪ್ರಾಣಿಗಳ ಸಣ್ಣ ನೋವನ್ನೂ ತನ್ನ ನೋವೆಂದು ಬಗೆದು...” ಎನ್ನುತ್ತಿದ್ದರು ತ್ರಿವಿಕ್ರಮ. ಒಂದೇ ತಾನೆ ಎಂದು ಗ್ಲಾಡ್ವಿನ್ ಅಂದುಕೊಂಡ. ಒಂದು ದ್ರಾಕ್ಷಿಯಿಂದ ಏನೂ ಆಗುವುದಿಲ್ಲ. ಪುಟ್ಟಮ್ಮ ಇನ್ನೊಂದನ್ನು ಆರಿಸಿದರು. ಎರಡರಿಂದಲೂ ಏನೂ ಆಗಲಿಕ್ಕಿಲ್ಲ. ಅವರು ಮೊಮ್ಮಕ್ಕಳಿಗೆ ಕೊಡುವ ಹಾಗೆ ಕೊಡುತ್ತಿದ್ದರು. ರವೆಯನ್ನು ತಮಗಿಟ್ಟುಕೊಂಡು, ಚೆನ್ನಾಗಿದ್ದುದನ್ನು ಮಾತ್ರ ಹೆಕ್ಕಿ ಹೆಕ್ಕಿ. ಬರೀ ಕೇಸರಿಬಾತು ತಿನ್ನಿಸಿದ್ದರೆ ಅಲ್ಲೊಂದು ಇಲ್ಲೊಂದು ಸಿಗುತ್ತಿತ್ತು. ಪ್ರೀತಿಯಿಂದಾಗಿ ಎಲ್ಲವೂ ಅವಳಿಗೇ ಹೋಗುತ್ತಿತ್ತು.

ತಪ್ಪು ನಿನ್ನೆ ಊಟದ ಹೊತ್ತಿನಲ್ಲೇ ಆಗಿತ್ತು. ರೌಸ್ ಹಿಲ್‌ನ ತ್ರಿವಿಕ್ರಮರ ಮನೆಯ ಟೈಲ್ಸ್ ಮೇಲೆ ಪಿಂಟೊಳ ಕೂದಲು ಉದುರುವುದನ್ನೇ ನೋಡುತ್ತ ಗ್ಲಾಡ್ವಿನ್‌ಗೆ ತುತ್ತು ಇಳಿದಿರಲಿಲ್ಲ. “ಸರ್, ಡಾಗ್ ಏನ್ ತಿನ್ನುತ್ತೆ? ಅಲರ್ಜಿ ಗಿಲರ್ಜಿ ಇದ್ರೆ ಹೇಳ್ಬಿಡಿ, ವಾಲಂಟಿಯರ್ಸ್‌ಗೆ ಮೆಸೇಜ್ ಹಾಕ್ತೀನಿ,” ಎಂದು ತ್ರಿವಿಕ್ರಮ ಫೋನನ್ನು ಕೈಯಲ್ಲೇ ಹಿಡಿದು ಕೇಳಿದ್ದರು. ಅಷ್ಟು ಸರಿಯಾಗಿ ಅವನನ್ನು ಯಾರೂ ಯಾವತ್ತೂ ಕೇಳಿರಲಿಲ್ಲ. “ಛೆ ಛೆ, ಎಂತ ಇಲ್ಲ ಸರ್. ಎಂತ ಕೊಟ್ರೂ ತಿಂತದೆ,” ಎಂದಿದ್ದ ಗ್ಲಾಡ್ವಿನ್. ಕರೆದವರ ಮನೆಯಲ್ಲಿ ಕೂತು ನಮಗೆ ಇದಾಗದು ಅದಾಗದು ಎಂದು ಹೇಳುವುದು ಹೇಗೆ? ಸಾರಿಗೆ ಉಪ್ಪಿಲ್ಲದಿದ್ದರೂ ಲಾಯ್ಕ ಆಗಿದೆ ಎನ್ನುವವರ ಮನೆಯಲ್ಲಿ ಬೆಳೆದವನು ಅವನು. ತನ್ನ ಪರವಾಗಿ ಹೇಳುವ ಆ ಮಾತನ್ನು ನಾಯಿಯ ಪರವಾಗಿಯೂ ಹೇಳಿಬಿಟ್ಟಿದ್ದ. ಆಮೇಲೆ ಪುಟ್ಟಮ್ಮ ಅಡಿಗೆಮನೆಯಿಂದ ಬಂದು, ದೂರದಲ್ಲೇ ನಿಂತು, ಕೈ ಮುಂದೆ ಮಾಡಿ, “ಕೂತ್ಕೊಳವ್ವಾ,” ಎಂದರು. ಪಿಂಟೊ ಕೂತಳು. ಪುಟ್ಟಮ್ಮ ಮಗನ ಕಡೆ ತಿರುಗಿದರು. “ನೋಡ್ದೇನೋ ತಿವಿಕ್ರಮ? ಅದ್ವಿಕ್‌ಗೆ ಹತ್ ಸಲ ಹೇಳ್ಬೇಕು, ಆದ್ಯಾ ‘ವಾಟ್ ಅಜ್ಜಿ’ ಅಂತಾಳೆ. ಈ ಮನೇಲಿ ನಾನಂದಿದ್ದು ಒಂದೇ ಸಲಕ್ಕೆ ತಿಳ್ಕಂಡಿದ್ದು ಇದೊಂದೇ ಕಣಪ್ಪಾ.” ಪಿಂಟೊ ಕೂತದ್ದು ಮಾತಿಗಲ್ಲ, ಕೈಸನ್ನೆಗೆ. ಅದನ್ನೂ ಗ್ಲಾಡ್ವಿನ್ ಹೇಳಲಿಲ್ಲ. ಆ ಮುದುಕಿಯ ಮುಖ ಅರಳಿದ್ದನ್ನು ಕಂಡ ಮೇಲೆ ಯಾರು ಹೇಳುತ್ತಾರೆ?

ಹಾಗೆ ನೋಡಿದರೆ ಅವನು ಕೂಗಿದರೆ ಸಾಕಿತ್ತು. ಊರಿನಲ್ಲಿ, ಗೋದಾಮಿನಲ್ಲಿ, ಇಗರ್ಜಿಯಲ್ಲಿ ಅವನಿಗೆ ಇರುವುದು ಒಂದು ಗಂಟಲು, ಕಾಡಿನಲ್ಲಿ ಇನ್ನೊಂದು. ಆ ಇನ್ನೊಂದು ಎಲ್ಲಿಂದ ಬರುತ್ತದೆಂದು ಅವನಿಗೂ ಗೊತ್ತಿಲ್ಲ. ಒಮ್ಮೆ ದಾರಿಗಡ್ಡ ಸಣ್ಣ ಕಾಂಗರೂವಿನಂಥ ಒಂದು ಸತ್ತ ವಾಲಬಿ ಬಿದ್ದಿತ್ತು. ಬಂಡಿಗೆ ಕಟ್ಟಿದ್ದ ನಾಲ್ಕು ನಾಯಿಗಳೂ ಬಾಯಿ ಹಾಕುವಷ್ಟರಲ್ಲಿ ಅವನು ಹಿಂದಿನಿಂದ “ಲೀವ್ ಇಟ್!” ಎಂದ. ಪಿಂಟೊ ಬಾಯಿಗೆ ಬಂದದ್ದನ್ನು ಬಿಟ್ಟು ಮುಖ ತಿರುಗಿಸಿದಳು, ಅವಳನ್ನು ನೋಡಿ ಉಳಿದವೂ ತಿರುಗಿದವು. ಎರಡೇ ಶಬ್ದ. ಈಗಲೂ ಅಷ್ಟೇ ಬೇಕಾಗಿದ್ದುದು. ಆದರೆ ಅಧ್ಯಕ್ಷರು ಓದುತ್ತಿದ್ದರು. ಅದೂ ಅವನ ಬಗ್ಗೆಯೇ. ತನ್ನ ಬಗ್ಗೆ ಒಬ್ಬರು ಅಷ್ಟು ಕಷ್ಟಪಟ್ಟು ಬರೆದು ತಂದದ್ದನ್ನು ಓದುವಾಗ ನಡುವೆ ಕೂಗುವುದು ಸಾಧ್ಯವೆಂದು ಅವನ ಕತ್ತಿಗೆ ತೋರಲಿಲ್ಲ, ಕತ್ತಿನ ಮೇಲಿದ್ದ ಪೇಟಕ್ಕೂ ತೋರಲಿಲ್ಲ. ಕೈಯನ್ನಾದರೂ ಸ್ವಲ್ಪ ಎತ್ತಿ ಪುಟ್ಟಮ್ಮನ ಕಡೆ ಬೇಡ ಎಂಬಂತೆ ಆಡಿಸಿದ. ಪ್ಲಾಸ್ಟಿಕ್ಕು ಚರಪರ ಎಂದಿತು. ಪುಟ್ಟಮ್ಮ ಸಂತೋಷದಿಂದ ತಾವೂ ಕೈ ಆಡಿಸಿದರು.

“...ದೂರದ ಓಟದಲ್ಲಿ ತೃತೀಯ ಸ್ಥಾನವನ್ನು ಗಳಿಸಿ, ಕನ್ನಡದ ಕೀರ್ತಿಪತಾಕೆಯನ್ನು...” ತೃತೀಯ ಸ್ಥಾನ ಸುಳ್ಳಲ್ಲ. ಓಡಿದ್ದು ಮೂರೇ ತಂಡ. ವಿಕ್ಟೋರಿಯಾದ ಎತ್ತರದ ಬಯಲಿನಲ್ಲಿ ಎರಡು ದಿನದ ಓಟ, ನಿಜವಾದ ಹಿಮ, ಚಕ್ರವಿಲ್ಲದೆ ಜಾರುವ ನಿಜವಾದ ಸ್ಲೆಡ್ಡು. ಇಷ್ಟು ವರ್ಷ ಕೆಸರಿನಲ್ಲಿ ಓಡಿದ್ದೆಲ್ಲ ಅದಕ್ಕಾಗಿ. ಮುಂದೆ ಪಿಂಟೊ, ಅವಳ ಪಕ್ಕ ಮನೆಯ ಇನ್ನೊಂದು ನಾಯಿ ಬೊಲ್ದು, ಹಿಂದೆ ಕ್ಲಬ್ಬಿನವರಿಂದ ಕಡ ತಂದ ಎರಡು. ಬೊಲ್ದು ಎಂದರೆ ತುಳುವಿನಲ್ಲಿ ಬಿಳಿ. ಹಿಮದಲ್ಲಿ ಅವನು ಕಾಣಿಸುತ್ತಲೇ ಇರಲಿಲ್ಲ, ಅವನ ನೆರಳು ಮಾತ್ರ ಓಡುತ್ತಿತ್ತು. ಎರಡನೆಯ ದಿನ ತೊರೆ ದಾಟಿದ ಮೇಲೆ ಆ ನೆರಳಿನ ಒಂದು ಭುಜ ಇಳಿದಿಳಿದು ಏಳುವುದನ್ನು ಗ್ಲಾಡ್ವಿನ್ ನೋಡಿದ. ಮುಂದಿನ ತಂಗುದಾಣದಲ್ಲಿ ಕುಂಟುವ ನಾಯಿಯನ್ನು ಬಿಚ್ಚಿ ಡಾಕ್ಟರ ಕೈಗೆ ಬಿಟ್ಟು ಉಳಿದ ಮೂರರಿಂದ ಓಡಬಹುದು, ನಿಯಮವೇ ಇದೆ, ಯಾರೂ ನಗುವುದಿಲ್ಲ. ಡಾಕ್ಟರ್ ಹುಡುಗಿ ಚಳಿಗೆ ಕೆಂಪಾದ ಮೂಗನ್ನು ಉಜ್ಜಿಕೊಳ್ಳುತ್ತ ಬಂದಳು. ಅವಳ ಹಿಂದೆ ಇನ್ನೊಂದು ಬಂಡಿಯವನು ಕಾದು ನಿಂತಿದ್ದ. “ಆಲ್ ಗುಡ್?” ಎಂದಳು. ಈ ದೇಶಕ್ಕೆ ಬಂದ ಹೊಸತರಲ್ಲಿ ಕಲಿತದ್ದು, ಆ ಪ್ರಶ್ನೆಗೆ ಉತ್ತರ ಒಂದೇ ಎಂದು. “ಆಲ್ ಗುಡ್,” ಎಂದ. ಅವಳು ಬೊಲ್ದುವಿನ ತಲೆ ಸವರಿ ಮುಂದೆ ಹೋದಳು. ಬೊಲ್ದು ಕೊನೆಯವರೆಗೂ ಓಡಿದ. ಈಗ ಬೊಲ್ದುವಿಗೆ ಸೋಫಾ ಹತ್ತಲಾಗುವುದಿಲ್ಲ. ಸಂಜೆ ಗ್ಲಾಡ್ವಿನ್ ಎತ್ತಿ ಕೂರಿಸಬೇಕು. ವಯಸ್ಸಾಯ್ತಲ್ಲ ಪಾಪ ಎನ್ನುತ್ತಾಳೆ ಆನ್ಸಿಲ್ಲಾ. ಹೌದು ಎನ್ನುತ್ತಾನೆ ಅವನು. ಎತ್ತುವಾಗ ಬೊಲ್ದು ಅವನ ಕೈಯನ್ನು ನೆಕ್ಕುತ್ತದೆ. ಆ ಕೈಯನ್ನು ಅವನು ಆಮೇಲೆ ಸ್ವಲ್ಪ ಹೊತ್ತು ಎಲ್ಲಿಡಬೇಕೆಂದು ತಿಳಿಯದೆ ಇಟ್ಟುಕೊಂಡಿರುತ್ತಾನೆ.

ಪುಟ್ಟಮ್ಮನ ಬಟ್ಟಲಿನಲ್ಲಿ ದ್ರಾಕ್ಷಿ ಮುಗಿಯಿತು. ಗ್ಲಾಡ್ವಿನ್ ಸಮಾಧಾನದಿಂದ ಉಸಿರುಬಿಟ್ಟ. ಬುಟ್ಟಿ ಸದ್ದು ಮಾಡಿತು. ಆಗ ಪಕ್ಕದಲ್ಲಿ ಕೂತಿದ್ದ ರೇಷ್ಮೆ ಸೀರೆಯ ಹೆಂಗಸು ಬಗ್ಗಿ, “ಆಂಟಿ, ನನ್ನದರಲ್ಲೂ ಇದೆ, ತಗೊಳ್ಳಿ, ನಾನ್ ಶುಗರ್ ಬಿಟ್ಟಿದೀನಿ,” ಎಂದು ತನ್ನ ಬಟ್ಟಲನ್ನು ಚಾಚಿದಳು. ಅದನ್ನು ಕಂಡು ಅವಳಾಚೆಯವಳೂ ಚಾಚಿದಳು. ಬಟ್ಟಲುಗಳು ಕೈಯಿಂದ ಕೈಗೆ ಬಂದವು. ಮೊಮ್ಮಗ ಅದ್ವಿಕ್ ತನ್ನದನ್ನೂ ತಂದುಕೊಟ್ಟ. ಅವನಿಗೆ ದ್ರಾಕ್ಷಿ ಸೇರುತ್ತಿರಲಿಲ್ಲ. ಇಡೀ ಸಾಲು ಒಟ್ಟಾಗಿ, ಸದ್ದು ಮಾಡದೆ, ಅಧ್ಯಕ್ಷರ ಓದಿಗೆ ಭಂಗ ಬಾರದ ಹಾಗೆ, ಅವನ ನಾಯಿಗೆ ವಿಷ ಹಾಕುತ್ತಿತ್ತು. ಪಿಂಟೊ ಒಂದೊಂದನ್ನೂ ಹಲ್ಲು ತಾಗಿಸದೆ, ತುಟಿಯಿಂದಲೇ, ಇಗರ್ಜಿಯಲ್ಲಿ ಕಮ್ಯುನಿಯನ್ ಪ್ರಸಾದ ತೆಗೆದುಕೊಳ್ಳುವವರಂತೆ ತೆಗೆದುಕೊಳ್ಳುತ್ತಿದ್ದಳು. ಅಷ್ಟು ಮರ್ಯಾದೆಯನ್ನು ಅವಳಿಗೆ ಕಲಿಸಿದವನು ತಾನೇ ಎಂದು ಗ್ಲಾಡ್ವಿನ್‌ಗೆ ಒಂದು ಕ್ಷಣ ಹೆಮ್ಮೆಯೂ ಆಯಿತು. ತ್ರಿವಿಕ್ರಮ ಹಾಳೆ ತಿರುವಿದರು. ಇನ್ನೊಂದು ಪುಟವಿತ್ತು.

“...ಆದ್ದರಿಂದ ನಮ್ಮ ಸಂಘವು ಶ್ರೀಯುತರಿಗೆ ‘ಶ್ವಾನರಥ ಸಾರಥಿ’ ಎಂಬ ಬಿರುದನ್ನಿತ್ತು ಧನ್ಯತೆಯನ್ನು ಪಡೆಯುತ್ತದೆ.” ಚಪ್ಪಾಳೆ. “ಈಗ ಸಾರಥಿಗಳು ಎರಡು ಮಾತಾಡ್ಬೇಕು. ಪ್ಲೀಸ್ ಸರ್, ಟೂ ಮಿನಿಟ್ಸ್, ಹಾಲ್‌ನೋರು ಬಂದ್ಬಿಡ್ತಾರೆ.” ಗ್ಲಾಡ್ವಿನ್ ಎದ್ದ. ಬುಟ್ಟಿಯನ್ನು ಕುರ್ಚಿಯ ಮೇಲಿಟ್ಟ. ಅದು ಬೀಳದಂತೆ ಸರಿಮಾಡಿದ. ಮೈಕಿನ ಮುಂದೆ ಬಂದ. ನಮಸ್ಕಾರ ಎಂದು ಶುರುಮಾಡಿ, ಸಂಘಕ್ಕೆ, ಅಧ್ಯಕ್ಷರಿಗೆ, ಅಡಿಗೆಯವರಿಗೆ ಎಂದು ಕ್ರಮವಾಗಿ ವಂದಿಸಬೇಕೆಂದು ದಾರಿಯುದ್ದಕ್ಕೂ, ಮೆಲ್ಬರ್ನಿನಿಂದ ಸಿಡ್ನಿಯವರೆಗೂ, ಹಿಂದಿನ ಸೀಟಿನ ಪಿಂಟೊಳಿಗೆ ಹೇಳಿ ಹೇಳಿ ಕಲಿತಿದ್ದ. ಈಗ ಮಾತಾಡುವ ಸರದಿ ಅವನದು. ಯಾರ ಮಾತನ್ನೂ ಅವನು ತುಂಡರಿಸುತ್ತಿರಲಿಲ್ಲ. ಬಾಯಿ ತೆರೆದ. ಕಾಡಿನ ಗಂಟಲು ಬಂತು.

“ಪಿಂಟೊ! ಲೀವ್ ಇಟ್!”

ಮೈಕು ಕಿರುಚಿತು. ಎಲ್ಲೋ ಒಂದು ಮಗು ಅಳಲು ಶುರುಮಾಡಿತು. ಪಿಂಟೊಳ ತುಟಿಯಿಂದ ಒಂದು ದ್ರಾಕ್ಷಿ ನೆಲಕ್ಕೆ ಬಿತ್ತು. ಪುಟ್ಟಮ್ಮನ ಕೈ ಗಾಳಿಯಲ್ಲೇ ನಿಂತಿತ್ತು. ನಾಯಿ ಅದರ ಕಡೆ ನೋಡಲೇ ಇಲ್ಲ. ಮುಖ ತಿರುಗಿಸಿ, ನೆಟ್ಟಗೆ, ಗ್ಲಾಡ್ವಿನ್‌ನನ್ನೇ ನೋಡಿತು.

ಆಮೇಲೆ ಚಪ್ಪಾಳೆ ಸಿಡಿಯಿತು. ಬಿರುದು ಕೊಟ್ಟಾಗ ಬಿದ್ದದ್ದಕ್ಕಿಂತ ದೊಡ್ಡ ಚಪ್ಪಾಳೆ. “ಸೂಪರ್ ಸರ್!” “ಒನ್ಸ್ ಮೋರ್!” “ತಡೀರಿ ತಡೀರಿ, ವಿಡಿಯೋ ಆನ್ ಮಾಡ್ಕೋತೀನಿ!” “ನೋಡಪ್ಪ, ಬಾಯಿಗ್ ಬಂದಿದ್ದನ್ನ ಬಿಡ್ತು. ನಮ್ ಮಕ್ಳು ಐಪ್ಯಾಡ್ ಬಿಡಲ್ಲ.” ಗ್ಲಾಡ್ವಿನ್ ಮೈಕಿನೊಳಗೆ, “ಎಲ್ಲರಿಗೂ ಧನ್ಯವಾದ,” ಎಂದ. ಅದು ಅವನ ಮಾಮೂಲಿ ಗಂಟಲಿನಲ್ಲಿ ಬಂತು, ಯಾರಿಗೂ ಕೇಳಿಸಲಿಲ್ಲ.

ಕೆಳಗಿಳಿದು ಬಂದಾಗ ಪುಟ್ಟಮ್ಮ, “ಅದೇನ್ ಗಂಟ್ಲಪ್ಪಾ ನಿಂದು, ನಂಗೇ ಕೇಳಿಸ್ತು,” ಎಂದು ಎದೆ ನೀವಿಕೊಂಡರು. “ಎಂಜ್ಲು ಗಿಂಜ್ಲು ಕೊಟ್ಟಿಲ್ಲ ಕಣಪ್ಪಾ. ಚೆನ್ನಾಗಿರೋದೇ ಆರ್ಸಿ ಕೊಟ್ಟಿದೀನಿ. ಇಡೀ ಸಾಲಿಂದೂ ಒಬ್ಳೇ ತಿಂದ್ಲು.”

“ಅಡ್ಡಿಲ್ಲ ಅಮ್ಮಾ,” ಎಂದ ಗ್ಲಾಡ್ವಿನ್. ಮತ್ತೆ ತ್ರಿವಿಕ್ರಮರ ಹತ್ತಿರ ಹೋಗಿ, ಅವರು ಯಾರದೋ ಜೊತೆ ಫೋಟೋ ತೆಗೆಸಿಕೊಳ್ಳುವುದು ಮುಗಿಯಲೆಂದು ನಿಂತ. ನಿಂತವನಿಗೆ ತಾನು ಹಾಗೆ ನಿಂತಿದ್ದೇನೆಂದು ತಿಳಿದು ಮೈ ಬಿಸಿಯಾಯಿತು. “ಸರ್,” ಎಂದು ಫೋಟೋದೊಳಗೇ ಹೋದ. “ಇಲ್ಲಿ ಭಾನುವಾರ ತೆರೆದಿರುವ ಪ್ರಾಣಿಗಳ ಡಾಕ್ಟರ್ ಹತ್ತಿರ ಎಲ್ಲಿಯಾದ್ರೂ ಉಂಟಾ? ಅರ್ಜೆಂಟ್ ಎಂತ ಇಲ್ಲ.” ಒಂದು ಹೆಜ್ಜೆ ಹಿಂದೆ ಸರಿದು, ಮತ್ತೆ ಮುಂದೆ ಬಂದ. “ಸ್ವಲ್ಪ ಅರ್ಜೆಂಟ್.”

ತ್ರಿವಿಕ್ರಮರ ಕಾರಿನಲ್ಲೇ ಹೋದರು. ಮುಂದಿನ ಸೀಟಿನಲ್ಲಿ ಕೂತು ಗ್ಲಾಡ್ವಿನ್, ದ್ರಾಕ್ಷಿ ನಾಯಿಗೆ ಆಗದೆಂದು ಅವರಿಗೆ ಮೆಲ್ಲಗೆ ಹೇಳಿದ. ಬರುವುದು ಬೇಡವೆಂದರೂ ಪುಟ್ಟಮ್ಮ ಹಿಂದಿನ ಸೀಟಿನಲ್ಲಿ ಹತ್ತಿ ಕೂತು ಪಿಂಟೊಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದರು. ನಾಯಿ ಆರಾಮವಾಗಿತ್ತು, ಕಾರಿನೊಳಗೆ ಏಲಕ್ಕಿಯ ವಾಸನೆ. ತುರ್ತು ಚಿಕಿತ್ಸೆಯ ಕೌಂಟರಿನಲ್ಲಿದ್ದ ಡಾಕ್ಟರ್ ಪಿಂಟೊಳ ಹಣೆಯ ಕುಂಕುಮವನ್ನು ಮೊದಲು ಗಾಯವೆಂದುಕೊಂಡಳು. ಆಮೇಲೆ, ದ್ರಾಕ್ಷಿ ತಿಂದದ್ದು ಯಾವಾಗ ಶುರುವಾಯಿತು, ಯಾರಾದರೂ ನೋಡಿದ್ದೀರಾ ಎಂದು ಕೇಳಿದಳು. “ಈಗ ತಾನೇ, ಲಾಸ್ಟಲ್ಲಿ, ಇವರು ನೋಡಿದ ತಕ್ಷಣ ಸ್ಟಾಪ್ ಮಾಡಿದ್ರು,” ಎಂದು ತ್ರಿವಿಕ್ರಮ ಇಂಗ್ಲಿಷಿನಲ್ಲಿ ಹೇಳತೊಡಗಿದರು. ಡಾಕ್ಟರ್ ಬರೆದುಕೊಳ್ಳಲು ಶುರುಮಾಡಿದಳು. ಸುಮ್ಮನಿದ್ದರೆ ಅದೇ ಉಳಿಯುತ್ತಿತ್ತು. ಅವಳ ಮೂಗು ಕೆಂಪಾಗಿರಲಿಲ್ಲ. ಆದರೂ ಗ್ಲಾಡ್ವಿನ್‌ಗೆ ಹಿಮದ ತಂಗುದಾಣದ ಅದೇ ಮೂಗು ಕಂಡಿತು.

“ಅಲ್ಲ,” ಎಂದ. “ತುಂಬ ಮೊದಲೇ. ಸನ್ಮಾನ ಪತ್ರ ಶುರುವಾದಾಗಿನಿಂದ. ಮೊದಲನೆಯದರಿಂದ ಕಡೆಯದರವರೆಗೆ ನಾನು ನೋಡಿದ್ದೇನೆ.”

ಡಾಕ್ಟರ್ ಬರೆದದ್ದನ್ನು ಹೊಡೆದುಹಾಕಿ ಬೇರೆ ಬರೆದಳು. ಪಿಂಟೊಳನ್ನು ಒಳಗೆ ಕರೆದುಕೊಂಡು ಹೋದಳು. ಪಿಂಟೊ ಬಾಗಿಲಿನಲ್ಲಿ ಒಮ್ಮೆ ಹಿಂತಿರುಗಿ ನೋಡಿ, ಹೋದಳು.

ತ್ರಿವಿಕ್ರಮ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತರು. “ಸರ್, ನೀವ್ ನೋಡ್ತಾ ಇದ್ರಾ?”

“ಹೌದು.”

“ಮತ್ತೆ ಹೇಳ್ಬಾರ್ದಿತ್ತಾ ಸರ್?”

“ನೀವು ಓದ್ತಾ ಇದ್ರಿ.”

ತ್ರಿವಿಕ್ರಮ ಗೋಡೆಯ ಮೇಲಿನ ಬೆಕ್ಕಿನ ಚಿತ್ರವನ್ನು ನೋಡಿದರು. “ಎರಡನೇ ಪೇಜ್ ಸ್ಕಿಪ್ ಮಾಡ್ಬಹುದಿತ್ತು,” ಎಂದರು. “ಅದರಲ್ಲಿ ಏನೂ ಇರ್ಲಿಲ್ಲ.” ಹಾಲ್‌ನ ಬೀಗದ ಕೈ ಕೊಡಬೇಕೆಂದು ಫೋನು ಬಂತು, ಎದ್ದು ಹೊರಗೆ ಹೋದರು.

ಡಾಕ್ಟರ್ ಬಂದು ಹೇಳಿದಳು: ವಾಂತಿ ಮಾಡಿಸಿದ್ದೇವೆ, ಬಹಳಷ್ಟು ಬಂದಿದೆ, ಎಲ್ಲವೂ ಬಂದಿತೆಂದು ಹೇಳಲಾಗುವುದಿಲ್ಲ. ಎರಡು ದಿನ ಡ್ರಿಪ್ ಹಾಕಿ ಕಿಡ್ನಿ ನೋಡಬೇಕು. ಉಳಿದರೂ ಇನ್ನು ಓಡಿಸುವ ಮಾತು ಆಮೇಲೆ. ಗ್ಲಾಡ್ವಿನ್ ತಲೆಯಾಡಿಸಿದ, ಪೇಟ ಹಿಂದಕ್ಕೆ ಬಿತ್ತು. ಅಲ್ಲಿಯವರೆಗೂ ಅದು ತಲೆಯ ಮೇಲೆಯೇ ಇತ್ತೆಂದು ಅವನಿಗೆ ಆಗ ಗೊತ್ತಾಯಿತು. ಎತ್ತಿಕೊಂಡು, ಧೂಳು ತಟ್ಟಿ, ತೊಡೆಯ ಮೇಲಿಟ್ಟುಕೊಂಡ. ಟ್ರುಗನಿನಾದ ಮನೆಯಲ್ಲಿ ಬೊಲ್ದು ಈ ಹೊತ್ತಿಗೆ ಸೋಫಾದ ಕಾಲಬುಡದಲ್ಲಿ ನಿಂತು, ಎತ್ತುವವರು ಬರಲಿಲ್ಲವೆಂದು ಬಾಗಿಲು ನೋಡುತ್ತಿರಬಹುದು.

“ಏನಂದ್ಳಪ್ಪಾ?” ಎಂದರು ಪಕ್ಕದಲ್ಲಿದ್ದ ಪುಟ್ಟಮ್ಮ.

“ನೋಡ್ಬೇಕು ಅಂದ್ರು ಅಮ್ಮಾ.”

“ನಾನ್ ಕೊಟ್ಟಿದ್ದಕ್ಕಾ?”

ಛೆ ಛೆ, ಹಾಗೆಂತ ಇಲ್ಲ ಎಂಬ ಮಾತು ನಾಲಗೆಯ ತುದಿಯಲ್ಲೇ ತಯಾರಾಗಿ ಕೂತಿತ್ತು. ಅದು ಹುಟ್ಟಿದಾಗಿನಿಂದ ಅಲ್ಲೇ ಕೂತಿತ್ತು. ಗ್ಲಾಡ್ವಿನ್ ಪೇಟದ ಜರಿಯನ್ನು ನೋಡುತ್ತ, “ಹೌದಮ್ಮ,” ಎಂದ.

“ಆಂ? ಈ ಕಡೆ ಕಿವಿ ಕೇಳ್ಸಕಿಲ್ಲ ಕಣಪ್ಪಾ. ಜೋರಾಗ್ ಹೇಳು.”

“ಹೌದು, ದ್ರಾಕ್ಷಿ ನಾಯಿಗೆ ಆಗುವುದಿಲ್ಲ.”

“ಅದೇನ್ ಬಾಯೊಳಗೇ ಗೊಣಗ್ತೀಯ? ಆಗ ಅಷ್ಟ್ ದೊಡ್ಡ್ ಗಂಟ್ಲಲ್ಲಿ ಕೂಗ್ದಲ್ಲ!”

“ಹೌದಮ್ಮಾ!” ಎಂದ ಗ್ಲಾಡ್ವಿನ್. ಎದುರಿಗೆ ಕೂತಿದ್ದವರ ಬುಟ್ಟಿಯೊಳಗಿದ್ದ ಬೆಕ್ಕು ಬೆಚ್ಚಿ ನೆಗೆಯಿತು. “ನೀವು ಕೊಟ್ಟದ್ದಕ್ಕೇ! ಕೊಡಬಾರದಿತ್ತು! ನಾನು ಅಲ್ಲೇ ಕೂತು ನೋಡ್ತಾ ಇದ್ದೆ, ಹೇಳಲಿಲ್ಲ! ನಿಮಗೆ ಬೇಜಾರಾಗ್ತದೆ ಅಂತ ಹೇಳಲಿಲ್ಲ!”

ಗೋಡೆಯಾಚೆಯಿಂದ ಒಂದು ಊಳು ಎದ್ದಿತು. ಓಟಕ್ಕೆ ಮೊದಲು, ಬಂಡಿಗೆ ಕಟ್ಟಿ ನಿಲ್ಲಿಸಿದಾಗ ಬರುವ, ತಡೆಯಲಾರದ, ಉದ್ದನೆಯ ಊಳು. ಏನೋ ಲೋಹದ್ದು ಉರುಳಿತು. ನರ್ಸೊಬ್ಬಳು ಬಾಗಿಲು ತೆರೆದು ತಲೆ ಹೊರಹಾಕಿ, ದಯವಿಟ್ಟು ಕೂಗಬೇಡಿ, ಅವಳು ಎದ್ದು ನಿಂತು ಡ್ರಿಪ್ ಎಳೆದುಕೊಂಡು ಬಾಗಿಲಿಗೆ ಬರುತ್ತಿದ್ದಾಳೆ ಎಂದಳು.

“ಸಾರಿ,” ಎಂದ ಗ್ಲಾಡ್ವಿನ್.

ಪುಟ್ಟಮ್ಮ ಸೆರಗಿನಿಂದ ಮುಖ ಒರೆಸಿಕೊಂಡರು. ಬೆರಳಿಗೆ ಇನ್ನೂ ತುಪ್ಪ ಅಂಟಿತ್ತು, ಅದನ್ನೂ ಒರೆಸಿಕೊಂಡರು. ಕುರ್ಚಿಯ ಕೈ ಹಿಡಿದು ಎದ್ದರು. ಅವನ ಮುಂದಿನಿಂದ ಮೆಲ್ಲಗೆ ಸುತ್ತಿ ಬಂದು, ಕೇಳಿಸುವ ಕಿವಿ ಅವನ ಕಡೆಗಾಗುವ ಹಾಗೆ, ಇನ್ನೊಂದು ಪಕ್ಕದಲ್ಲಿ ಕೂತರು.